ಕೂದಲ ಮನೆಗೆ ಹೆಸರು ಹುಡುಕಿದ ಮಳೆಗಾಲ

ಹೋದ ತಿಂಗಳು ಕುಷ್ಟಗಿಯಲ್ಲಿ ನಮ್ಮ ಕಾಲೇಜಿನ ಒಬ್ಬ ಮೇಡಂ ತಂಗಿಯ ಮದುವೆಗೆ ಹೋಗಿದ್ದೆ. ಮದುಮಗಳನ್ನು ಸಿಂಗರಿಸುವ ಕೋಣೆಯಲ್ಲಿ ಬ್ಯೂಟಿಪಾರ್ಲರಿನ ಹೆಣ್ಣುಮಗಳು ಚೀಲದಿಂದ ಉದ್ದನೆಯ ಚೌರಿ ತೆಗೆದು ಝಾಡಿಸಿದಳು. ಶಾಂಪೂ, ಒದ್ದೆ ಹಗ್ಗ, ಅದರಡಿಯಲ್ಲಿ ಯಾರದೋ ತಲೆಯ ಹಳೆಯ ಎಣ್ಣೆ, ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಉಳಿದವರಿಗೆ ಅದು ಗೊತ್ತೇ ಆಗಲಿಲ್ಲ. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಎಲ್ಲಿದೆ ಎಂದು ನೋಡಿದೆ. "ಯಾಕ್ರಿ ಮೇಡಂ, ಸೆಕಿ ಆಗಾಕತ್ತೈತೇನ್ರಿ?" ಎಂದು ಯಾರೋ ಫ್ಯಾನ್ ಜೋರು ಮಾಡಿದರು. ಸೆಕೆ ಆಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಭಾಗ್ಯನಗರದ ಮಹಡಿ ಕೋಣೆಯಲ್ಲಿ ಕಳೆದ ಒಂದು ಮಳೆಗಾಲ ನೆನಪಾಗಿತ್ತು, ಅಷ್ಟೇ.

ಭಾಗ್ಯನಗರ ಕೊಪ್ಪಳಕ್ಕೆ ಅಂಟಿಕೊಂಡೇ ಇದೆ. ಅಲ್ಲಿ ಕೂದಲ ವ್ಯಾಪಾರದ ಮನೆಗಳು ಬೇಕಾದಷ್ಟಿವೆ. ನಾನು ಸೊಸೆಯಾಗಿ ಹೋದದ್ದೂ ಅಂಥ ಮನೆಗೇ. ಊರೂರು ತಿರುಗುವವರು ಸ್ಟೀಲಿನ ಬಟ್ಟಲು, ಡಬ್ಬಿ ಕೊಟ್ಟು ಹೆಂಗಸರ ಬಾಚಣಿಗೆಯಲ್ಲಿ ಉಳಿದ ಕೂದಲಿನ ಉಂಡೆಗಳನ್ನು ತರುತ್ತಾರೆ. ಆ ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸಬೇಕು, ತೊಳೆಯಬೇಕು, ಒಣಗಿಸಬೇಕು, ಕಬ್ಬಿಣದ ಹಲ್ಲಿನ ಹಲಗೆಯ ಮೇಲೆ ಎಳೆದು ಬಾಚಬೇಕು, ಉದ್ದ ನೋಡಿ ಜುಟ್ಟು ಕಟ್ಟಬೇಕು. ನಾನು ಹುಟ್ಟಿ ಬೆಳೆದದ್ದು ಗಂಗಾವತಿಯಲ್ಲಿ, ರೈಸ್ ಮಿಲ್ಲಿನ ತೌಡಿನ ಧೂಳು ಉಸಿರಾಡಿಕೊಂಡು. ಊಟದಲ್ಲಿ ಕೂದಲು ಸಿಕ್ಕರೆ ತಟ್ಟೆ ಸರಿಸಿ ಎದ್ದು ಹೋಗುವ ಮನೆಯ ಮಗಳನ್ನು ಕೂದಲಿನ ಮನೆಗೆ ಕೊಟ್ಟರು ನೋಡಿ.

ಕೊಟ್ಟದ್ದಕ್ಕೆ ಕಾರಣ ಒಂದು ಹೂವು. ಮಾವನವರ ಮೂಲ ಬೇವೂರು. ಊರ ಹೊರಗಿನ ಸಣ್ಣ ಗುಡಿಯ ಹನುಮಪ್ಪ ಅವರ ಮನೆದೇವರು. ಹೊಸ ಗಾಡಿ ತಗೊಳ್ಳಲಿ, ಹೆಣ್ಣು ನೋಡಲಿ, ಆ ಮನೆಯವರು ಅವನ ಮುಂದೆ ಕೂತು ಪ್ರಸಾದ ಕೇಳದೆ ಹೆಜ್ಜೆ ಮುಂದಿಡುವವರಲ್ಲ. ಪೂಜಾರಿ ಹೂವುಗಳನ್ನು ನೀರಿನಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವವರು ಕಣ್ಣುಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ. ಬಲಗಡೆಯ ಹೂ ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ನನ್ನ ಜಾತಕ ಕೈಯಲ್ಲಿ ಹಿಡಿದು ಅತ್ತೆ ಕೇಳಿದಾಗ ಬಲಕ್ಕೆ ಬಿದ್ದಿತ್ತಂತೆ. ಹೂವು ಬಿದ್ದ ಮೇಲೆ ಅದರ ಬಗ್ಗೆ ಎರಡನೇ ಮಾತಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಕಡೆ ಮಳೆ ಬಂದರೆ ಮುಖ ಅರಳಿಸುವವರೇ ಎಲ್ಲ. ಕೂದಲಿನವರು ಮಾತ್ರ ಮುಖ ಸಿಂಡರಿಸುತ್ತಾರೆ, ಯಾಕೆಂದರೆ ಮಾಲು ಒಣಗುವುದಿಲ್ಲ. ತಾರಸಿಯ ಮೇಲೆ ಹಾಕುವ ಕೂದಲನ್ನೆಲ್ಲ ಮಹಡಿ ಕೋಣೆಯೊಳಗೆ ಹಗ್ಗ ಕಟ್ಟಿ ನೇತುಹಾಕಿದರು. ನನ್ನ ಕಂಪ್ಯೂಟರ್ ಮೇಜು ಇದ್ದದ್ದೂ ಅದೇ ಕೋಣೆಯಲ್ಲಿ. ಕಿಟಕಿ ತೆಗೆದರೆ ಥಂಡಿ ಒಳಗೆ ಬರುತ್ತದೆ ಎಂದು ಮುಚ್ಚಿಯೇ ಇಡಬೇಕು. ಫ್ಯಾನ್ ಹಾಕಿದರೆ ಎಳೆಗಳು ಹಾರುತ್ತವೆ, ಅದೂ ಇಲ್ಲ. ಎದುರಿಗೆ, ಬೆನ್ನಿಗೆ, ಎಡಬಲಕ್ಕೆ ಒದ್ದೆ ಜುಟ್ಟುಗಳು ತೂಗುತ್ತಿದ್ದವು. ಎದ್ದು ಬಾಗಿಲಿಗೆ ಹೋಗಬೇಕೆಂದರೆ ಅವನ್ನು ಕೈಯಿಂದ ಸರಿಸಿ, ತಲೆ ಬಗ್ಗಿಸಿ ಹೋಗಬೇಕು. ಕೀಬೋರ್ಡಿನ ಸಂದಿಯಲ್ಲಿ ಕೂದಲು, ಚಹಾದಲ್ಲಿ ಕೂದಲು. ಬೆಳಿಗ್ಗೆ ಎದ್ದರೆ ನಾಲಿಗೆಯ ಮೇಲೆ ಒಂದು ಎಳೆ ಇರುತ್ತಿತ್ತು, ಅದು ನನ್ನದೋ ಯಾರದೋ.

ನಾನು ಅಲ್ಲಿ ಕೂತದ್ದು ವೆಬ್‌ಸೈಟ್ ಮಾಡಲು. ಮಧ್ಯವರ್ತಿಗಳಿಗೆ ಕೊಡುವ ಬದಲು ನಾವೇ ಹೊರದೇಶದವರಿಗೆ ನೇರವಾಗಿ ಮಾಲು ಕಳಿಸೋಣ ಎಂದು ಮಾವನವರು ಮನಸ್ಸು ಮಾಡಿದ್ದರು. ಬಿಸಿಎ ಓದಿದ ಸೊಸೆ ಮನೆಯಲ್ಲೇ ಇದ್ದಾಳೆ, ಹೊರಗಿನವರು ಯಾಕೆ? ಅದೇ ಹೊತ್ತಿಗೆ ಯಲಬುರ್ಗಾದ ಒಂದು ಖಾಸಗಿ ಕಾಲೇಜಿನಿಂದ ನನಗೆ ಕರೆ ಬಂದಿತ್ತು, ಕಂಪ್ಯೂಟರ್ ಪಾಠ ಮಾಡಲು. ಮಾವನವರು ಬೇಡ ಅನ್ನಲಿಲ್ಲ.

"ಹೋಗುವಂತಿ ಯವ್ವಾ, ಬ್ಯಾಡ ಅಂದವ್ರು ಯಾರು? ಮೊದ್ಲ ಮನೀದು ಮುಗಸು. ವೆಬ್‌ಸೈಟ್ ಎದ್ದು ನಿಂದ್ರಲಿ, ಆಮ್ಯಾಲ ಹೊರಗಿಂದು" ಎಂದರು.

ಅವರು ಕೆಟ್ಟವರಲ್ಲ. ಕೊಪ್ಪಳಕ್ಕೆ ಹೋದಾಗಲೆಲ್ಲ ನನಗಾಗಿ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು, ಮೆಟ್ಟಿಲ ಕೆಳಗಿನಿಂದಲೇ "ಎಲ್ಲಿಗೆ ಬಂತವಾ?" ಎಂದು ಕೇಳುತ್ತಿದ್ದರು. ಬೈಯುವವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಮಿರ್ಚಿ ತಂದುಕೊಡುವವರ ಜೊತೆ ಏನೆಂದು ಜಗಳ ಆಡುವುದು?

ವೆಬ್‌ಸೈಟಿನ ಪುಟಗಳು ಬೇಗ ಮುಗಿದವು. ಮುಗಿಯದೇ ಉಳಿದದ್ದು ಹೆಸರು. ಹೊರಗಿನವರಿಗೆ ಇದು ಚಿಲ್ಲರೆ ಕೆಲಸ ಅನ್ನಿಸಬಹುದು. ನನಗೆ ಹಾಗಿರಲಿಲ್ಲ. ಗಂಗಾವತಿಯಲ್ಲಿ ನಮಗೆ ಪಾಠ ಮಾಡಿದ ಸರ್ ಮೊದಲ ದಿನವೇ ಹೇಳಿದ್ದರು: ವಿಳಾಸದಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ, ಎಲ್ಲ ಅಕ್ಷರ ಒಂದಕ್ಕೊಂದು ಅಂಟಿ ನಿಲ್ಲುತ್ತವೆ, ನೀವು ಬರೆದದ್ದೇ ಬೇರೆ, ಓದುವವರು ಓದುವುದೇ ಬೇರೆ. ಹಾಲು ಮಾರುವವನೊಬ್ಬ 'ಮನೆ ಹಾಲು' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟರೆ ಊರವರು ಅದನ್ನು 'ಮನೆಹಾಳು' ಎಂದು ಓದಿ ನಗುತ್ತಾರೆ ಎಂದು ಉದಾಹರಣೆ ಕೊಟ್ಟಿದ್ದರು. ಅಂದಿನಿಂದ ನನಗೆ ಅಂಗಡಿ ಬೋರ್ಡುಗಳನ್ನೂ ಅಂಟಿಸಿ ಓದುವ ಚಟ.

ನಾನು ಕೊಟ್ಟ ಹೆಸರುಗಳಲ್ಲಿ ಒಂದೂ ಮನೆಯವರಿಗೆ ಹಿಡಿಸಲಿಲ್ಲ. 'ಹೇರ್' ಎಂಬ ಪದವೇ ಬೇಡವಂತೆ. ಸಂಬಂಧ ಬೆಳೆಸಲು ಬಂದವರು ಕೂದಲಿನವರು ಎಂದು ಮೂಗು ಮುರಿಯುತ್ತಾರೆ, ಮತ್ತೆ ಅದನ್ನೇ ಜಗತ್ತಿಗೆಲ್ಲ ಸಾರುವುದೇಕೆ ಎಂದು ಮಾವನವರ ತಮ್ಮ, ನಮ್ಮ ಸಣ್ಣಮಾವ, ವಾದಿಸಿದರು. ಆ ಸಣ್ಣಮಾವನ ಬಗ್ಗೆ ಮನೆಯಲ್ಲಿ ಪಿಸುಮಾತು ಬೇರೆ ಇತ್ತು. ಗಂಗಾವತಿ ರಸ್ತೆಯಲ್ಲಿ ತಮ್ಮದೇ ಗೋದಾಮಿಗೆ ಜಾಗ ನೋಡುತ್ತಿದ್ದಾರೆ, ಇವತ್ತಲ್ಲ ನಾಳೆ ಪಾಲು ಕೇಳುತ್ತಾರೆ ಎಂದು. ಅದಕ್ಕೇ ಇರಬೇಕು, ಮಾವನವರು ಒಂದು ಶನಿವಾರ ತಮ್ಮನನ್ನು ಕರೆದುಕೊಂಡು ಬೇವೂರಿಗೆ ಹೋದರು. ತೆಂಗಿನಕಾಯಿ, ಬಾಳೆಹಣ್ಣಿನ ಜೊತೆ ಹೆಸರನ್ನೂ ಹಿಡಿದುಕೊಂಡು ಬಂದರು.

"ಬೇವೂರ ಬ್ರದರ್ಸ್ ಎಕ್ಸ್‌ಪೋರ್ಟ್ಸ್" ಎಂದರು, ಒಂದೊಂದೇ ಪದ ಬಿಡಿಸಿ, ಬಾಯಿ ತುಂಬ. "ಹನಮಪ್ಪ ಕೇಳಿದ ಕೂಡ್ಲೇ ಬಲಕ್ಕ ಕೊಟ್ಟ. ನಮ್ಮ ತಮ್ಮನ ಕಣ್ಣಾಗ ನೀರ ಬಂತು ನೋಡವಾ."

ನಾನು ಖುಷಿಯಿಂದಲೇ ಮಹಡಿಗೆ ಓಡಿದೆ. ಜುಟ್ಟುಗಳನ್ನು ಸರಿಸಿ ಕೂತು ಹೆಸರನ್ನು ಟೈಪ್ ಮಾಡಿದೆ. ಹೆಸರು ಖಾಲಿ ಇತ್ತು, ಯಾರೂ ತಗೊಂಡಿರಲಿಲ್ಲ. ಆಮೇಲೆ ಅಂಟಿಸಿ ಓದಿದೆ. ಬ್ರದರ್ಸ್‌ನ ಕೊನೆಯ ಎಸ್ ಹೋಗಿ ಎಕ್ಸ್‌ಪೋರ್ಟ್ಸ್‌ನ ಇ, ಎಕ್ಸ್ ಎರಡಕ್ಕೂ ತಗಲಿಕೊಂಡಿತ್ತು. ನಟ್ಟನಡುವೆ, ಅಣ್ಣತಮ್ಮಂದಿರ ಬೆನ್ನಿಗೇ, ಎಸ್, ಇ, ಎಕ್ಸ್ ಎಂಬ ಮೂರಕ್ಷರ ಎದ್ದು ನಿಂತಿತ್ತು. ಒಮ್ಮೆ ಕಂಡ ಮೇಲೆ ಬೇರೆ ಏನೂ ಕಾಣಲೊಲ್ಲದು. ಹೊರದೇಶದ ಕೂದಲ ವ್ಯಾಪಾರಿಗೆ ಮೊದಲು ಕಣ್ಣಿಗೆ ಬೀಳುವುದೂ ಅದೇ.

ಆ ಪದ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದಲ್ಲ. ಎಲ್ಲರಿಗೂ ಗೊತ್ತು, ಅದೇ ತೊಂದರೆ. ಗೊತ್ತಿಲ್ಲದಿದ್ದರೆ ಪಾಠ ಮಾಡಿದ ಹಾಗೆ ವಿವರಿಸಿಬಿಡಬಹುದಿತ್ತು. ಮಾವನ ಎದುರು ತಲೆ ಮೇಲಿನ ಸೆರಗು ಜಾರಿದರೆ ಸರಿಮಾಡಿಕೊಳ್ಳುವ ಸೊಸೆ ಆ ಪದವನ್ನು ಬಾಯಿಂದ ಹೊರಡಿಸುವುದು ಹೇಗೆ? ಅದೂ ದೇವರು ಹೂ ಕೊಟ್ಟ ಹೆಸರಿನಲ್ಲಿ ಅದು ಅಡಗಿದೆ ಎಂದು?

ಸುತ್ತುಬಳಸಿ ಪ್ರಯತ್ನಿಸಿದೆ. "ಮಾವಾರ, ನಡುವ ಒಂದು ಗೀಟು ಹಾಕಿದ್ರ ಓದಾಕ ಹಗುರ ಆಗತೈತ್ರಿ" ಎಂದೆ.

ಮಾವ ಏನಾದರೂ ಹೇಳುವ ಮೊದಲೇ ಸಣ್ಣಮಾವ ಚಹಾದ ಲೋಟ ಕೆಳಗಿಟ್ಟರು. "ಬ್ರದರ್ಸ್ ಮುಂದ ಗೀಟು ಹಾಕೂದಂದ್ರ? ಅಣ್ಣತಮ್ಮರ ನಡುವ ಗೀಟು ಎಳದಂಗ ಆಗೂದಿಲ್ಲೇನವಾ ಅದು?"

"ಹಂಗಲ್ರಿ. ಬ್ರದರ್ಸ್ ಅನ್ನೂದನ್ನ ಬಿಟ್ಟು ಬರೇ ಬೇವೂರ ಎಕ್ಸ್‌ಪೋರ್ಟ್ಸ್ ಅಂತ ಇಟ್ರ..."

ಅದು ಇನ್ನೂ ದೊಡ್ಡ ತಪ್ಪಾಯಿತು. "ಸೊಸಿ ಬಂದು ವರ್ಷ ತುಂಬಿಲ್ಲ, ಆಗ್ಲೇ ಅಣ್ಣತಮ್ಮರ್ನ ಬ್ಯಾರೆ ಮಾಡಾಕ ಹೊಂಟಾಳ" ಎಂದರು ಸಣ್ಣಮಾವ, ನನಗಲ್ಲ, ಗೋಡೆಗೆ. ಬೇರೆ ಗೋದಾಮು ಹುಡುಕುತ್ತಿದ್ದವರು ಅವರು, ಮನೆ ಒಡೆಯುವವಳು ನಾನು! ಅವತ್ತಿನಿಂದ ಮಾವನವರು ಮೆಟ್ಟಿಲ ಕೆಳಗಿನಿಂದ ಕೇಳುತ್ತಿದ್ದ ಪ್ರಶ್ನೆ ನಿಂತಿತು. ಮಿರ್ಚಿಯೂ ಬರಲಿಲ್ಲ. ನನಗೆ ಮಿರ್ಚಿಯದೇನೂ ಅಲ್ಲ, ಆ ಮೌನಕ್ಕೆ ಅಳು ಬಂತು.

ಗಂಡನಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಗಾರ ನೀವು ಹೇಳ್ರಿ ಅಪ್ಪಾರಿಗೆ" ಎಂದೆ. ನಗು ಅಲ್ಲಿಗೇ ನಿಂತಿತು. "ನಾ? ಅಪ್ಪನ ಮುಂದ? ನಿನಗ ತಲಿ ಕೆಟ್ಟೈತಿ" ಎಂದು ಹೊರಗೆ ಹೋದವರು ಮಾಲು ತರುವ ನೆಪದಲ್ಲಿ ವಾರವಿಡೀ ಮನೆಯಲ್ಲಿ ನಿಲ್ಲಲಿಲ್ಲ. ಕೆಳಗೆ ಪೇಂಟರ್ ಬಂದು ಗೋದಾಮಿನ ಬಾಗಿಲ ಮೇಲೆ ಅದೇ ಹೆಸರಿನ ಬೋರ್ಡು ಬರೆಯತೊಡಗಿದ. ಬೋರ್ಡಿನಲ್ಲಿ ಪದಗಳ ನಡುವೆ ಧಾರಾಳ ಜಾಗವಿತ್ತು, ಹೆಸರು ಲಕ್ಷಣವಾಗಿಯೇ ಕಾಣುತ್ತಿತ್ತು.

ಕಾಲೇಜಿನ ಪ್ರಿನ್ಸಿಪಾಲರು ಫೋನ್ ಮಾಡಿದರು. "ನೋಡವಾ, ದಸರಾ ಸೂಟಿ ಮುಗಿಯೂತನಾ ಆ ಜಾಗಾ ನಿನಗಂತ ಇಟ್ಟಿರತೀನಿ. ಆಮ್ಯಾಲ ನನ್ನ ಕೈಯಾಗ ಇರೂದಿಲ್ಲ." ಬರುತ್ತೇನೆ ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ. ಆ ಹೆಸರನ್ನು ಕೊಂಡು ವೆಬ್‌ಸೈಟ್ ಏರಿಸಿಬಿಟ್ಟರೆ ನನ್ನ ಬಿಡುಗಡೆ ಅವತ್ತೇ ಆಗುತ್ತಿತ್ತು. ಒಂದೆರಡು ಸಲ ಬೆರಳು ಅಲ್ಲಿಯವರೆಗೆ ಹೋದದ್ದೂ ನಿಜ. ಆದರೆ ಮಾವನವರ ಫೋಟೋ ಅದೇ ಪುಟದಲ್ಲಿತ್ತು. ಬಿಳಿ ಅಂಗಿ, ಹಣೆಯ ಮೇಲೆ ಹನುಮಪ್ಪನ ಸಿಂಧೂರ, ತಮ್ಮನ ಹೆಗಲ ಮೇಲೆ ಕೈ. ಆ ಮುಖದ ಮೇಲೆ ಆ ಹೆಸರನ್ನು ಅಂಟಿಸಲು ನನ್ನ ಕೈಯಿಂದ ಆಗಲಿಲ್ಲ. ಹೊರಗೆ ಮಳೆ, ಒಳಗೆ ಒಣಗದ ಕೂದಲು, ನಡುವೆ ನಾನು. ಉಸಿರು ಕಟ್ಟಿದಂತಾಗಿ ಎಷ್ಟೋ ಮಧ್ಯಾಹ್ನ ಬಾಗಿಲಲ್ಲಿ ನಿಂತು ಸುಮ್ಮನೆ ಗಾಳಿ ಕುಡಿಯುತ್ತಿದ್ದೆ.

ಹಾಗೆ ನಿಂತದ್ದನ್ನು ಅತ್ತೆ ಒಂದು ದಿನ ನೋಡಿದರು. ಪಡಸಾಲೆಯಲ್ಲಿ ಕೂತು ಕೂದಲು ಬಾಚುತ್ತಿದ್ದವರು ಕೈಸನ್ನೆ ಮಾಡಿ ಕರೆದರು. ಕೆಲಸದ ಹೆಂಗಸರು ಊಟಕ್ಕೆ ಎದ್ದು ಹೋಗಿದ್ದರು.

"ಏನಾಗೇತಿ ನಿನಗ? ಹೆಸರಿನ ಮಾತ ತಗದ್ರ ಮಾರಿ ಸಣ್ಣದು ಮಾಡತಿ. ಸಣ್ಣಾಂವ ಅಂದದ್ದು ಖರೇನ ಏನು?"

"ದೇವರಾಣಿ ಇಲ್ರಿ ಅತ್ತಿ" ಎಂದೆ. ಅವರ ಕಿವಿಯ ಹತ್ತಿರ ಬಾಗಿ, ಹೆಸರು ಅಂಟಿದರೆ ಏನಾಗುತ್ತದೆ ಎಂಬುದನ್ನು ಹೇಳಿದೆ. ಆ ಪದವನ್ನೂ ಹೇಳಿದೆ. ಅತ್ತೆಯ ಕೈಯಲ್ಲಿದ್ದ ಜುಟ್ಟು ಹಲಗೆಯ ಮೇಲೇ ಉಳಿಯಿತು.

"ಅಣ್ಣತಮ್ಮರ ಹೆಸರಿಗೇ ಹತ್ತಿಕೊಂಡು?"

"ಹೂಂ ರೀ."

"ನಡುವ ಜಾಗಾ ಬಿಡಾಕ ಬರೂದಿಲ್ಲ?"

"ಇಲ್ರಿ. ಗೀಟು ಹಾಕಬೇಕು, ಅದು ಬ್ಯಾಡಂತಾರ."

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ಅವರು ನಕ್ಕದ್ದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಮಳೆಗಾಲದಲ್ಲಿ ನಾನು ನಕ್ಕದ್ದು ಅದೇ ಮೊದಲು. ಆಮೇಲೆ ಅತ್ತೆ ಕಣ್ಣೊರೆಸಿಕೊಂಡು, "ನಿಮ್ಮ ಮಾವಗ ನಾನರ ಹ್ಯಾಂಗ ಹೇಳ್ಲಿ? ಇವತ್ತಿನತನಾ ಅವರ ಹೆಸರ ಹಿಡದು ಕರದಾಕಿ ಅಲ್ಲ. ಹೋಗಿ ಹೋಗಿ ಇದನ್ನ ಹೇಳ್ಲೇನು?" ಎಂದರು. ಸ್ವಲ್ಪ ಹೊತ್ತು ಬಾಚಿದರು. "ಇದರ ಗದ್ಲ ಮುಗದ್ರ ನೀ ಯಲಬುರ್ಗಿಗೆ ಹೋಗಾಕೇನು?"

"ಹೋಗತೀನ್ರಿ" ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು, ಆಗಲಿಲ್ಲ. "ಆ ಕೋಣ್ಯಾಗ ಇನ್ನೊಂದು ಮಳಿಗಾಲ ಕುಂತ್ರ ನನಗ ಹುಚ್ಚ ಹಿಡಿತೈತ್ರಿ ಅತ್ತಿ."

ಅವರು ನನ್ನ ಮುಖವನ್ನೊಮ್ಮೆ ನೋಡಿ ಮತ್ತೆ ಜುಟ್ಟಿಗೆ ಕೈ ಹಾಕಿದರು. ಆ ಮನೆಯಲ್ಲಿ ಅದುವರೆಗೆ ಯಾವ ಸೊಸೆಯೂ ಹೊರಗೆ ದುಡಿಯಲು ಹೋದವಳಲ್ಲ. ಅತ್ತೆಯಂತೂ ಮದುವೆಯಾಗಿ ಬಂದ ದಿನದಿಂದ ಆ ಹಲಗೆಯ ಮುಂದೆಯೇ ಕೂತವರು.

ಮರುದಿನ ಊಟಕ್ಕೆ ಬಡಿಸುತ್ತ ಅತ್ತೆ ಮಾವನವರಿಗೆ ಹೇಳಿದರು: "ಅಲ್ರೀ, ನೀವು ಹನಮಪ್ಪನ್ನ ಕೇಳಿದ್ದು ಬೋರ್ಡಿನ ಸಲುವಾಗಿ. ಕಂಪ್ಯೂಟರಿನ ಸಲುವಾಗಿ ಕೇಳಿಲ್ಲ."

ಮಾವನವರ ತುತ್ತು ಅರ್ಧಕ್ಕೆ ನಿಂತಿತು. "ಎರಡೂ ಒಂದ ಅಲ್ಲೇನು?"

"ಒಂದ ಹ್ಯಾಂಗ ಆಗತೈತ್ರಿ? ಬೋರ್ಡ್ ನಮ್ಮ ಗೋಡಿ ಮ್ಯಾಲಿಂದು. ಅದು ಹೊರದೇಶಕ್ಕೆಲ್ಲಾ ಹೋಗೂದು. ನನ್ನ ಮನಸ್ಸಿಗ್ಯಾಕೋ ಬರವಲ್ದು. ಈ ಸಲ ನಾನ ಕೇಳತೀನಿ."

ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಬಾರದು. ಆದರೆ ಕೇಳದೇ ಉಳಿದದ್ದನ್ನು ಕೇಳದಿದ್ದರೆ ಅದೂ ತಪ್ಪು. ಆ ಮನೆಯಲ್ಲಿ ಈ ವಾದಕ್ಕೆ ತಿರುಗಿ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಶನಿವಾರ ಎಲ್ಲರೂ ಬೇವೂರಿಗೆ ಹೋದೆವು. ಹೊಲಗಳಲ್ಲಿ ಸಜ್ಜೆ ತೆನೆ ಹಿಡಿದಿತ್ತು. ಅಷ್ಟು ದೂರದವರೆಗೆ ಕಣ್ಣು ಹಾಯಿಸಿ ಎಷ್ಟು ದಿನವಾಗಿತ್ತೋ. ಗುಡಿಯಲ್ಲಿ ಪೂಜಾರಿ ಹೂ ಅಂಟಿಸಿದ. "ಏನು ಕೇಳಾಕಿ ಬೇ?" ಎಂದ. "ವೆಬ್‌ಸೈಟಿಗೆ ಆ ಹೆಸರು ಇಡೂದೋ ಬ್ಯಾಡೋ ಅಂತ ಕೇಳಾಕತ್ತಾಳ" ಎಂದು ಮಾವನವರೇ ಎಲ್ಲರಿಗೂ ಕೇಳುವಂತೆ ಹೇಳಿದರು. ಅತ್ತೆ ಸೆರಗು ಹೊದ್ದು ಕೂತು ಕಣ್ಣುಮುಚ್ಚಿದರು.

ಬಲಕ್ಕೆ ಬಿದ್ದರೆ ಆ ಹೆಸರು ಖಾಯಂ, ಇನ್ನು ಯಾರೂ ಏನೂ ಮಾಡುವ ಹಾಗಿಲ್ಲ. ನಾನು ಕಂಬಕ್ಕೆ ಒರಗಿ ಎಡಗಡೆಯ ಹೂವನ್ನೇ ನೋಡುತ್ತಿದ್ದೆ. ದೇವರನ್ನು ಅಷ್ಟಾಗಿ ಬೇಡಿಕೊಳ್ಳುವವಳಲ್ಲ ನಾನು. ಅವತ್ತು ಬೇಡಿಕೊಂಡೆ. ಎಡಕ್ಕೆ ಕೊಡಪ್ಪಾ, ಎಡಕ್ಕೆ, ಎಂದು ಒಳಗೊಳಗೇ ಗೋಗರೆದೆ. ಎಷ್ಟೋ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಎಡಭುಜದ ಕೆಂಪು ದಾಸವಾಳ ಮೆಲ್ಲಗೆ ಜಾರಿ ಪಾದದ ಹತ್ತಿರ ಬಿತ್ತು. ನಾನು ಕಂಬ ಬಿಟ್ಟು ನೆಟ್ಟಗೆ ನಿಂತೆ. ಅತ್ತೆ ಕಣ್ಣು ತೆರೆದು ಹೂವನ್ನು ನೋಡಿದರು. ಅವರ ಮುಖ ಬಾಡಿತು. ಎಲ್ಲರೆದುರು ಗಂಡನ ಮಾತು ಬಿದ್ದುಹೋಯಿತಲ್ಲ, ಅದಕ್ಕೆ ಇರಬೇಕು ಎಂದುಕೊಂಡೆ.

"ಬ್ಯಾಡ ಅಂದಾನ" ಎಂದರು ಮಾವನವರು. ಅಷ್ಟೇ. ಒಂದು ಹೂವಿಗೆ ಅವರು ಹಟ ಬಿಟ್ಟರು. ನಾನು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ, ಗೀಟಿನಲ್ಲಿ ಹೇಳಲಾಗದ್ದು ಅಲ್ಲಿ ಮುಗಿದುಹೋಯಿತು.

ವಾಪಸು ಬರುವ ದಾರಿಯಲ್ಲಿ ಹೊಸ ಹೆಸರಿನ ಮಾತು ಬಂತು. "ನಿಮ್ಮವ್ವನ ಹೆಸರ ಇಡ್ರಿ. ಅವ್ವ ಒಬ್ಬಾಕಿ ಇದ್ದಮ್ಯಾಲ ಅಣ್ಣತಮ್ಮರು ಅಂತ ಬ್ಯಾರೆ ಹೇಳಬೇಕೇನು?" ಎಂದರು ಅತ್ತೆ. ಸಣ್ಣಮಾವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಹಾಗೇ ಹೊರಗೆ ನೋಡುತ್ತ, "ಅವ್ವನ ಹೆಸರ ಆದ್ರ, ಮುಂದ ಹೇರ್ ಅಂತ ಇದ್ರೂ ನಡೀತೈತಿ" ಎಂದರು. ಹಾಗೆ 'ಗಂಗವ್ವ ಹೇರ್' ಆಯಿತು. ಅಂಟಿಸಿ ಓದಿದೆ, ನಡುವಿನಿಂದ ಓದಿದೆ, ಗಂಡನಿಂದಲೂ ಓದಿಸಿದೆ. ಎಲ್ಲಿಯೂ ಏನೂ ಸಿಗಲಿಲ್ಲ. ದಸರೆಯ ಮುನ್ನ ವೆಬ್‌ಸೈಟ್ ಎದ್ದು ನಿಂತಿತು. ಮಾವನವರು ಮಿರ್ಚಿ ತಂದರು.

ಕಾಲೇಜಿಗೆ ಹೊರಟ ಮೊದಲ ದಿನ ಅತ್ತೆ ಕಾಯಿಪಲ್ಲೆ ತರುವ ನೆಪ ಹೇಳಿ ನನ್ನ ಜೊತೆ ಬಸ್ಸಿನವರೆಗೆ ಬಂದರು. ಬಸ್ಸಿಗೆ ಕಾಯುತ್ತ ನಿಂತಾಗ ಹೇಳಿದರು:

"ಅವತ್ತ ಹನಮಪ್ಪನ ಮುಂದ ನಾ ಹೆಸರಿಂದು ಕೇಳಲಿಲ್ಲ."

"ಮತ್ತ ಏನ ಕೇಳಿದ್ರಿ?"

"ನಿಂದು. ಈ ಹುಡುಗೀನ ಹೊರಗ ಕಳಸಲೋ ಬ್ಯಾಡೋ ಅಂತ ಕೇಳಿದೆ."

ಕಂಬಕ್ಕೆ ಒರಗಿ ನಾನು ಎಡಕ್ಕೆ ಕೊಡಪ್ಪಾ ಎಂದು ಬೇಡಿಕೊಂಡದ್ದು ನೆನಪಾಯಿತು. "ಎಡಕ್ಕ ಬಿತ್ತಲ್ರಿ ಅತ್ತಿ."

"ಬಿತ್ತು."

"ಮತ್ತ ಯಾಕ ಕಳಸಾಕತ್ತೀರಿ?"

ಅತ್ತೆ ಬಸ್ಸು ಬರುವ ದಿಕ್ಕಿಗೆ ನೋಡುತ್ತ ನಿಂತರು. "ಅದು ಹೆಸರಿಗೆ ಬಿದ್ದ ಹೂವು ಅಂತ ನಿಮ್ಮ ಮಾವ ಒಪ್ಪ್ಯಾರ, ಪೂಜಾರಿ ಒಪ್ಪ್ಯಾನ, ಮನಿ ಮಂದಿ ಎಲ್ಲಾ ಒಪ್ಪ್ಯಾರ. ನಾ ಒಬ್ಬಾಕಿ ಅಲ್ಲ ಅಂದ್ರ ಛಂದ ಕಾಣತೈತೇನು? ಹತ್ತು, ಬಸ್ ಬಂತು."

ಹತ್ತಿದೆ. ಇವತ್ತಿಗೂ ಅದೇ ಕಾಲೇಜಿನಲ್ಲಿದ್ದೇನೆ. ಆ ವಾರದಿಂದ ಅತ್ತೆ ಶನಿವಾರ ಒಪ್ಪತ್ತು ಹಿಡಿದಿದ್ದಾರೆ, ಒಂದು ವಾರವೂ ತಪ್ಪಿಸಿಲ್ಲ. ಯಾಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ಮೊಣಕಾಲು ನೋವಿಗೆ ಅನ್ನುತ್ತಾರೆ.